ಅಬ್ಬಿಯ ಹೆಸರಿಗೆ ಬರುವ ಕಾಗದ

ಹೆಮ್ಮಾಡಿ
೧೮-೨-೧೯೯೮

ಮುಂಬೈಯಲ್ಲಿರುವ ನಮ್ಮನೆಯವರಿಗೆ ಜಲಜಳ ನಮಸ್ಕಾರಗಳು.

ಇಲ್ಲಿ ಅತ್ತೆ ಕ್ಷೇಮ, ದನ-ಕರು ಕ್ಷೇಮ. ನನಗೆ ಮಾತ್ರ ಹೊಟ್ಟೆಯುರಿ. ಯಾರ ಮೇಲೆ ಎಂದು ಹೇಳಿದರೆ ನಗಬೇಡಿ. ನಿಮ್ಮ ಅಬ್ಬಿಯ ಮೇಲೆ, ಅದೇ ನನ್ನ ಅತ್ತೆಯ ಮೇಲೆ.

ಮದುವೆಯಾಗಿ ಬಂದು ವರ್ಷವಾಯಿತು. ನಿಮ್ಮ ಕಾಗದ ತಿಂಗಳು ತಪ್ಪದೆ ಬರುತ್ತದೆ, ಅವರ ಹೆಸರಿಗೆ. ಹೆಂಡತಿಯ ಹೆಸರಿಗೆ ಬರೆದರೆ ನಾಚಿಕೆಗೆಟ್ಟವನು ಎನ್ನುತ್ತಾರೆ ನಮ್ಮ ಕೇರಿಯಲ್ಲಿ, ಗೊತ್ತು. ನನಗೆ ಸಿಗುವುದು ಚಂದಯ್ಯನ ಅಂಗಡಿಯ ಫೋನು. ಬೀಡಿ ಕೊಳ್ಳಲು ಬಂದವರೆಲ್ಲ ಕಿವಿ ಕೊಟ್ಟು ನಿಂತಿರುವಾಗ ‘ಹೂಂ, ಊಟ ಆಯ್ತ್’ ಎನ್ನುವುದು ಬಿಟ್ಟು ಏನು ಹೇಳಲಿ?

ಅತ್ತೆಗೆ ಓದು ಬಾರದು. ಓದಿ ಹೇಳುವವಳೂ ನಾನೇ, ಅವರ ಹೆಸರಿನಲ್ಲಿ ಉತ್ತರ ಬರೆಯುವವಳೂ ನಾನೇ. ನಿಮ್ಮ ಅಕ್ಷರ ಎಷ್ಟು ಚಂದ! ಗೆರೆಯಿಲ್ಲದ ಹಾಳೆಯಲ್ಲೂ ಸಾಲು ಬಾಗುವುದಿಲ್ಲ. ‘ಅಬ್ಬಿ’ ಎಂದು ಬರೆಯುವಲ್ಲಿ ಪೆನ್ನು ಒತ್ತಿದ್ದು ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ತಾಗುತ್ತದೆ. ನನ್ನ ಹೆಸರು ಕೊನೆಗೆ, ಜಾಗ ಸಾಲದೆ ಮೂಲೆಯಲ್ಲಿ, ‘ಜಲಜ ಹುಷಾರಿದ್ದಾಳಾ?’ ಎಂದು. ಓದಿ ಮುಗಿಸುವುದರೊಳಗೆ ಅತ್ತೆ ಕಾಗದ ಕಸಿದು ರವಿಕೆಯೊಳಗೆ ಸೇರಿಸಿ, ಮೀನು ಬುಟ್ಟಿ ಹೊತ್ತು ಹೊರಡುತ್ತಾರೆ. ಸಂಜೆ ಕೈಗೆ ಸಿಕ್ಕಿದರೆ ಅದರಲ್ಲಿ ಬಂಗುಡೆ ವಾಸನೆ.

ನಿಮ್ಮ ಹೋದ ತಿಂಗಳ ಕಾಗದ ಓದಿದ ಮೇಲೆ ತಡೆಯಲಾಗಲಿಲ್ಲ. ‘ಅಬ್ಬಿ, ನನ್ನ ಹಳೇ ಅಂಗಿ ಒಗೆದು ಹಾಕಿದ್ದು ಗಾಳಿಗೆ ಉಬ್ಬಿದಾಗ ನಾನೇ ಮನೆಗೆ ಬಂದಂತಾಯಿತು ಅಂತ ಬರೆಸಿದ್ದೆಯಲ್ಲ, ಬಂದರಿನಲ್ಲಿ ಮಂಜುಗಡ್ಡೆ ಒಡೆಯುವಾಗಲೂ ಅದೇ ನೆನಪು. ಆ ಕಾಗದ ದಿಂಬಿನಡಿ ಇಟ್ಟುಕೊಂಡಿದ್ದೇನೆ’ ಎಂದು ಬರೆದಿದ್ದಿರಿ.

ಹ್ವಾಯ್, ಆ ಅಂಗಿ ಒಗೆದದ್ದು ನಾನು. ಹಾಗೆ ಅನ್ನಿಸಿದ್ದೂ ನನಗೆ. ಅತ್ತೆ ಹೇಳಿ ಬರೆಸುವುದು ‘ಮಳೆಗೆ ಮುಂಚೆ ಬಾ, ಹುಷಾರು’ ಇಷ್ಟೇ. ಉಳಿದದ್ದೆಲ್ಲ ನನ್ನ ಮಾತು. ನನ್ನ ಮಾತಿಗೆ ಕರಗಿ ನೀವು ಅವರನ್ನು ಕೊಂಡಾಡಿದರೆ ನಾನು ಹೇಗೆ ಸಹಿಸಲಿ?

ಕೇರಿಯವರು ಏನಾದರೂ ಅಂದುಕೊಳ್ಳಲಿ. ಈ ಸಲ ಕವರಿನ ಮೇಲೆ ನನ್ನ ಹೆಸರು ಬರೆಯಿರಿ. ಇಲ್ಲವಾದರೆ ಇನ್ನು ಮುಂದೆ ಅತ್ತೆ ಹೇಳಿದಷ್ಟನ್ನೇ ಬರೆಯುತ್ತೇನೆ, ದಿಂಬಿನಡಿ ಅದನ್ನೇ ಇಟ್ಟುಕೊಳ್ಳಿ.

ನಿಮ್ಮ ಮೇಲೆ ಸಿಟ್ಟಾಗಿರುವ, ನಿಮ್ಮವಳೇ ಆದ
ಜಲಜ

ವಿ.ಸೂ.: ಬಾರ್ಕೂರಿಗೆ, ತೌರಿಗೆ ಬರೆಯುತ್ತಿದ್ದೇನೆ ಎಂದು ಅತ್ತೆಗೆ ಸುಳ್ಳು ಹೇಳಿದ್ದೆ. ಕವರು ಅಂಟಿಸುವ ಮೊದಲು ಪಕ್ಕ ಬಂದು ಕುಳಿತು, ‘ಬಾರ್ಕೂರಿಗ್ ಕಾಗ್ದ ಬರೂಕೆ ಮೋರೆ ಹೀಂಗ್ ಕೆಂಪಾತ್ತಾ ಹೆಣ್ಣೇ? ಅಂವ ಹೊಗ್ಳೂದ್ ನನ್ ಮಾತಲ್ಲ ಅಂದೇಳಿ ನಂಗೊತ್ತಿಲ್ಯಾ? ನಿನ್ ಹೆಸ್ರಿಗೇ ಬರೂಕ್ ಹೇಳ್’ ಎಂದರು. ಹೇಳಿ ಆಚೆ ಮುಖ ತಿರುಗಿಸಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಿಗೂ ಒಂದು ಬರೆಯಿರಿ. ನನ್ನದಕ್ಕಿಂತ ಉದ್ದ ಬೇಡ.