ನೀವು ಕಳಿಸಿದ ನುಗ್ಗೆಸೊಪ್ಪು

ಅಲ್ಲಾಳಸಂದ್ರ
೧೪-೮-೧೯೮೪

ಇಂದ್ರಾಣಿಯ ಅಪ್ಪನವರಿಗೆ ಗಂಗರತ್ನಮ್ಮನ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ, ಆಪರೇಷನ್ ಮಾಡಿ ಎದೆಯೊಳಗೆ ಕೂರಿಸಿದ ಲೋಹದ ಕವಾಟವೂ ಕ್ಷೇಮ. ನೀವು ಮುನಿಸಿಕೊಂಡು ದೇವನಹಳ್ಳಿಯ ನಿಮ್ಮಣ್ಣನ ಮನೆ ಸೇರಿ ವರ್ಷ ಕಳೆಯಿತು. ನಾನಾಗಿ ಕಾಗದ ಬರೆಯಬಾರದು ಎಂದಿದ್ದೆ. ಆದರೆ ಮಗಳ ವಿಷಯ ನಿಮಗೆ ಹೇಳದೆ ಇರಲಾಗುತ್ತಿಲ್ಲ.

"ಕಂಡೋರ ರಕ್ತ ಮುಟ್ಟೋ ಹುಡುಗೀನ ಯಾರ್ ಮದ್ವೆ ಆಗ್ತಾರೆ" ಎಂದು ರೇಗಿ ಹೋದಿರಲ್ಲ, ಅದೇ ಹುಡುಗಿ ಈಗ ಆರ್.ಟಿ. ನಗರದ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ನನ್ನ ರಕ್ತವನ್ನೇ ಪರೀಕ್ಷೆ ಮಾಡುತ್ತಾಳೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ನಾನು ದಿನಾ ಮಾತ್ರೆ ನುಂಗುತ್ತೇನೆ. ಮಾತ್ರೆಯ ಕೆಲಸ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಎರಡೂ ಪ್ರಾಣಕ್ಕೆ ಕುತ್ತು. ಹದ ತಿಳಿಯಲು ಆಗಾಗ ರಕ್ತ ಕೊಡಬೇಕು.

ಒಂದು ದಿನ ಲ್ಯಾಬಿನ ಬಾಗಿಲ ಸಂದಿಯಿಂದ ನೋಡಿದೆ. ಬಿಸಿನೀರಲ್ಲಿಟ್ಟ ಗಾಜಿನ ನಳಿಗೆಗೆ ಮದ್ದು ಬಿಟ್ಟು, ಸ್ಟಾಪ್‌ವಾಚ್ ಒತ್ತಿ, ನಳಿಗೆಯನ್ನು ಓರೆ ಮಾಡುತ್ತಾ ಹೆಪ್ಪಾಗುವುದನ್ನೇ ಕಾಯುತ್ತಾಳೆ. ಆಗ ಮುಖ ಥೇಟ್ ನಿಮ್ಮದೇ, ಕೆರೆಯ ತೂಬಿನ ಹತ್ತಿರ ನೀರಿಗೆ ಕಾಯುವಾಗ ಇರುತ್ತಿತ್ತಲ್ಲ, ಹಾಗೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಂತೆ. ಅವತ್ತು ಅವಳು ತನ್ನದನ್ನೇ ಇಟ್ಟಿದ್ದಳು. ಎರಡು ನಳಿಗೆಗಳನ್ನೂ ಅಕ್ಕಪಕ್ಕ ಕಂಡು ನನ್ನ ಕಣ್ಣು ತುಂಬಿತು.

ಎರಡು ತಿಂಗಳಿಂದ ನನ್ನ ರಕ್ತದ ಹದ ಏರುಪೇರು. ಒಮ್ಮೆ ಸರಿಯಿದ್ದರೆ ಇನ್ನೊಮ್ಮೆ ರಕ್ತ ಬೇಗ ಗಟ್ಟಿಯಾಗುತ್ತಿತ್ತು. ಪರೀಕ್ಷೆಯೇ ತಪ್ಪಿರಬೇಕೆಂದು ಡಾಕ್ಟರು ಮಹಾಲಿಂಗಪ್ಪನವರು ಅನುಮಾನಪಟ್ಟರು. ಇವಳು ಅವರೆದುರೇ ಮತ್ತೆ ಮಾಡಿದಳು, ಅಷ್ಟೇ ಬಂತು. ನಾನು ಮಾತ್ರೆ ತಪ್ಪಿಸುತ್ತಿರಬೇಕೆಂದರು. "ಅಮ್ಮ ಮಾತ್ರೆ ತಪ್ಸಲ್ಲ ಸಾರ್. ಡೋಸ್ ಜಾಸ್ತಿ ಮಾಡ್ಬೇಡಿ, ಒಂದ್ ವಾರ ಟೈಮ್ ಕೊಡಿ" ಎಂದಳು. ಅವರೂ ಒಳ್ಳೆಯವರು. "ಸರಿ, ಸೊಪ್ಪುಗಿಪ್ಪು ಏನಾದ್ರೂ ಜಾಸ್ತಿ ತಿಂತಾರಾ ನೋಡಮ್ಮ" ಎಂದರು.

ಮನೆಗೆ ಬಂದವಳು ಅಡುಗೆಮನೆಯಲ್ಲಿ ಕಂಡಿದ್ದು ನಿಮ್ಮ ನುಗ್ಗೆಸೊಪ್ಪಿನ ಹೊರೆ. ಮಳೆ ಬಿದ್ದು ಮರ ಚಿಗುರಿದಾಗಿನಿಂದ, ನನಗೆ ರಕ್ತ ಊರಲೆಂದು ಬಸ್ಸಿನಲ್ಲಿ ಬರುವ ಮುನಿಆಂಜಿನಪ್ಪನ ಕೈಲಿ ಕಳಿಸುತ್ತಲೇ ಇದ್ದೀರಿ. ಮಾತು ಬಿಟ್ಟಿರಿ, ಸೊಪ್ಪು ಬಿಡಲಿಲ್ಲ. ಹೊರೆ ಬಂದಾಗ ಮೂರು ಹೊತ್ತೂ ಬಸ್ಸಾರು, ಪಲ್ಯ ಮಾಡಿಕೊಂಡು ತಿನ್ನುತ್ತಿದ್ದೆ. ಬಾರದಾಗ ಸೊಪ್ಪೇ ಇಲ್ಲ. ಸೊಪ್ಪು ಹೆಚ್ಚಾದರೆ ಮಾತ್ರೆಯ ಕೆಲಸ ಕುಗ್ಗುತ್ತದಂತೆ.

ಆಮೇಲೆ ಅವಳೇ ಅಳತೆ ಮಾಡಿ ಬಡಿಸಿದಳು. ನಿನ್ನೆಯ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿ ಬಂತು. "ಇನ್ಮೇಲೆ ನಿನ್ ರಿಪೋರ್ಟ್‌ಗೆ ಕಣ್ ಮುಚ್ಕೊಂಡು ಸೈನ್ ಹಾಕ್ತೀನಮ್ಮ" ಎಂದು ಡಾಕ್ಟರು ಎಲ್ಲರೆದುರು ಹೇಳಿದರು. ಬೆಂಚಿನಲ್ಲಿ ಕೂತಿದ್ದವರಿಗೆಲ್ಲ ಇವಳು ನನ್ನ ಮಗಳೆಂದು ಕೇಳದಿದ್ದರೂ ಹೇಳಿಕೊಂಡು ಬಂದೆ. ನೀವೂ ಆ ಬೆಂಚಿನಲ್ಲಿ ಇರಬೇಕಿತ್ತು.

ಇಂತಿ,
ಒಂದೆಲೆಯನ್ನೂ ಬಿಡದೆ ತಿಂದ
ಗಂಗರತ್ನಮ್ಮ

ಮರೆತಿದ್ದೆ: ಸೊಪ್ಪು ಬಿಡಬೇಕಾಗಿಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಬೇಕಂತೆ. ಅದಕ್ಕೆ ಹಿತ್ತಲಲ್ಲೇ ನುಗ್ಗೆ ಕೊಂಬೆ ನೆಡಲು ಇಂದ್ರಾಣಿ ಗುಂಡಿ ತೋಡಿಟ್ಟಿದ್ದಾಳೆ. ಕೊಂಬೆಯನ್ನು ಮುನಿಆಂಜಿನಪ್ಪನ ಕೈಲಿ ಕಳಿಸಬೇಡಿ, ನೀವೇ ತಂದು ನೆಡಬೇಕು. ಹೀಗೆ ಬರೆ ಎಂದವಳು ಅವಳೇ.