ಚೈನು ಮಾತಾಡಿತ್ತು

ಶುಕ್ರವಾರ ಪೇಠೆ, ಪುಣೆ
ರವಿವಾರ ಮಧ್ಯಾಹ್ನ, ಫೆಬ್ರುವರಿ ೧೯೪೬

ಕೂಡಿದ ಮಹಾಜನರೇ! ಸಂಪಗಾವಿಯ ಚಾವಡಿ ಕಟ್ಟೆ ಏರಿ ಕೂತವರೇ, ಕೆಳಗೆ ನಿಂತವರೇ, ಎಮ್ಮೆ ಹೊಡೆದುಕೊಂಡು ಹೋಗುತ್ತ ಒಂದು ಕಿವಿಯನ್ನು ಇತ್ತ ಬಿಟ್ಟವರೇ, ಎಲ್ಲರೂ ಹತ್ತಿರ ಬನ್ನಿ. ಈ ಕಾಗದ ಓದುತ್ತಿರುವ ಲೋಕನಾಥ ಮಾಸ್ತರರಲ್ಲಿ ಒಂದು ಬಿನ್ನಹ: ದಯವಿಟ್ಟು ದನಿ ತಗ್ಗಿಸಬೇಡಿ. ಕಾಗದ ಬಂದಿರುವುದು ತನಿಯಪ್ಪ ಮಿಸ್ತ್ರಿಯವರಿಗೆ. ಅವರಿಗೆ ಅಕ್ಷರ ಬಾರದು. ಎಡಗಿವಿ ಪೂರ್ತಿ ಸತ್ತಿದೆ, ಬಲಗಿವಿಗೆ ಕೂಗಿದರೆ ಮಾತ್ರ ಕೇಳುತ್ತದೆ. ಕಿವುಡರಿಗೆ ಬಂದ ಕಾಗದದಲ್ಲಿ ಗುಟ್ಟು ಉಳಿಯುವುದಿಲ್ಲ, ಊರಿಗೆ ಊರೇ ಕೇಳುತ್ತದೆ. ಕೇಳಲಿ ಎಂದೇ ಬರೆದಿದ್ದೇನೆ.

ತೀರ್ಥರೂಪ ಸಮಾನರಾದ ತನಿಯಪ್ಪ ಕಾಕಾ,

ನಾನು ಪ್ರಲ್ಹಾದ. ಇಲ್ಲಿಯ ಲಾರಿ ಶೆಡ್ಡಿನ ಮಾಲೀಕರಾದ ಅಪ್ಪಾಸಾಹೇಬರ ಸಣ್ಣ ಲಾರಿ, ಆ ಹಿಂದೆ ತೆರೆದ ಪಿಕಪ್ ಗಾಡಿ ಓಡಿಸುವವನು. ನೀವು ‘ನಾಟಕದಪ್ಪ’ ಎನ್ನುತ್ತಿದ್ದವನು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಅದನ್ನು ಆಮೇಲೆ ನೋಡೋಣ. ಮೊನ್ನೆ ಶುಕ್ರವಾರ ಬೆಳಗಾವಿಯಿಂದ ಅಪ್ಪಾಸಾಹೇಬರಿಗೆ ಒಂದು ಕಾಗದ ಬಂತು. ಅಲ್ಲಿ ನಾಲ್ಕು ಬಸ್ಸು ಓಡಿಸುವ ಮಾಲೀಕರೊಬ್ಬರು ಬರೆದಿದ್ದಾರೆ: ತನಿಯಪ್ಪನೆಂಬ ಮಿಸ್ತ್ರಿ ನಮ್ಮಲ್ಲಿ ಕೆಲಸ ಕೇಳಿದ್ದಾನೆ, ನಿಮ್ಮಲ್ಲಿ ಹನ್ನೆರಡು ವರ್ಷ ಇದ್ದನಂತೆ, ಇಂಜಿನ್ನಿನ ವಿಷಯದಲ್ಲಿ ಇವನ ಮಾತನ್ನು ನಂಬಬಹುದೋ ಬಾರದೋ ತಿಳಿಸಿರಿ. ಅಪ್ಪಾಸಾಹೇಬರಿಗೆ ಕನ್ನಡ ಓದಲು ಬಾರದು. ಓದಿ ಹೇಳಿದವನು ನಾನು, ಉತ್ತರ ಬರೆಯಬೇಕಾದವನೂ ನಾನು. ನಾಳೆ ಸೋಮವಾರ ಅದಕ್ಕೆ ಅವರ ಸಹಿ. ನೀವು ಮತ್ತೆ ಇಂಜಿನ್ನು ಮುಟ್ಟುತ್ತೀರೋ, ಕಬ್ಬಿನ ಗಾಣಕ್ಕೆ ಮೊಳೆ ಬಡಿಯುತ್ತ ಕೂಡುತ್ತೀರೋ ಎಂಬುದು ಆ ಒಂದು ಹಾಳೆಯ ಮೇಲೆ ನಿಂತಿದೆ.

ಊರವರಿಗೂ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ, ಬೇಸರಪಡಬೇಡಿ. ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಬಾಯ್ಲರಿನ ಹೊಟ್ಟೆಯೊಳಗೆ ಕೂತು ರಿವೆಟ್ ಹಿಡಿದು ಹಿಡಿದು ನಿಮ್ಮ ಕಿವಿ ಹೋದವು. ಆಮೇಲೆ ನೀವು ಹಲ್ಲಿನಿಂದ ಕೇಳುವುದನ್ನು ಕಲಿತಿರಿ. ಒಂದು ಮೊಳದ ಜಾಲಿ ಕಡ್ಡಿ. ಅದರ ಒಂದು ತುದಿ ಓಡುವ ಇಂಜಿನ್ನಿನ ಮೂತಿಗೆ, ಇನ್ನೊಂದು ತುದಿ ನಿಮ್ಮ ಮುಂಬಲ್ಲುಗಳ ನಡುವೆ. ಕಣ್ಣು ಮುಚ್ಚಿ ನಿಂತಿರೆಂದರೆ ಸ್ವಾಮಿಗಳು ಜಪಕ್ಕೆ ನಿಂತ ಹಾಗೆ. ಕಿವಿಯಿದ್ದ ನಾಲ್ಕು ಮಿಸ್ತ್ರಿಗಳು ಕೇಳಲಾರದ್ದು ನಿಮ್ಮ ಹಲ್ಲಿಗೆ ಕೇಳುತ್ತಿತ್ತು.

ನನ್ನ ಕಥೆ ಚಿಕ್ಕದು. ನಾನಿದ್ದ ನಾಟಕ ಕಂಪನಿ ಪುಣೆಗೆ ಬಂದು ಮುಳುಗಿತು. ಪರದೆಗಳನ್ನು ಹೊತ್ತು ತಂದ ಲಾರಿಯನ್ನು ಅಪ್ಪಾಸಾಹೇಬರು ಕೊಂಡರು. ಅದನ್ನು ಓಡಿಸುತ್ತಿದ್ದ ನಾನೂ ಅದರ ಜೊತೆಗೆ ಅವರ ಪಾಲಾದೆ. ಹೆಸರು ಪ್ರಲ್ಹಾದ, ಹತ್ತು ವರ್ಷ ಹಾಕಿದ್ದು ರಾಕ್ಷಸರ ಪಾರ್ಟು. ಕಟ್ಟಕಡೆಯ ಚಾಪೆಯವನಿಗೂ ಮುಟ್ಟುವಂತೆ ಬೆಳೆಸಿದ ಗಂಟಲು. ಇಡೀ ಶೆಡ್ಡಿನಲ್ಲಿ ಕೈಸನ್ನೆಯಿಲ್ಲದೆ ನಿಮ್ಮೊಡನೆ ಮಾತಾಡಬಲ್ಲವನು ನಾನೊಬ್ಬನೇ. ರುದ್ರವ್ವ ಕಾಕು ರೊಟ್ಟಿ ಬಡಿಯುತ್ತ ಒಳಗಿನಿಂದ ಅನ್ನುತ್ತಿದ್ದರು: ‘ಏ ಪ್ರಲ್ಹಾದಾ, ನನ್ನ ಗಂಡ ಕಿವುಡ ಅದಾನ, ಸೋಲಾಪುರದಾಗಿಲ್ಲ.’

ಇಂಜಿನ್ನಿನ ಮೂತಿಯೊಳಗೆ ಒಂದು ಚೈನು ಇರುತ್ತದೆ. ಕೆಳಗಿನ ಗಾಲಿ ಎರಡು ಸುತ್ತು ಬಂದರೆ ಮೇಲಿನದು ಒಂದು ಸುತ್ತು. ಆ ಲೆಕ್ಕ ತಪ್ಪದೆ ಒಳಗಿನ ಬಾಗಿಲುಗಳು ತೆರೆಯಬೇಕು, ಮುಚ್ಚಬೇಕು. ನಾನು ಇದನ್ನು ಅರಿಯದೆ ಬಾಯಿ ಬಿಟ್ಟು ನಿಂತಾಗ ನೀವು ನನ್ನ ಭಾಷೆಯಲ್ಲೇ ತಿಳಿಸಿದಿರಿ: ‘ಪರದೆ ಎಳಿಯಾಂವ ಇದ್ದಂಗ ಅದು. ಅಂವಾ ಒಂದು ಗಳಿಗಿ ತಪ್ಪಿದಾ ಅಂದ್ರ, ರಾಜಾ ಬರೂಕಿಂತ ಮೊದ್ಲ ಅವನ ಹೆಣಾ ಬರ್ತದ.’

ಆಗ ಯುದ್ಧದ ಕಾಲ. ಹೊಸ ಚೈನು ಮುಂಬಯಿಯಲ್ಲೂ ಸಿಗುತ್ತಿರಲಿಲ್ಲ. ನಮ್ಮ ಲಾರಿಯದು ಮೂವತ್ತೆಂಟು ಸಾವಿರ ಮೈಲು ಓಡಿತ್ತು. ಅಪ್ಪಾಸಾಹೇಬರು ಒಂದು ದಿನ ಬಂದು ನಿಂತು, ಇದು ಇನ್ನೂ ಎಷ್ಟು ಮೈಲು ಬಾಳುತ್ತದೆ, ಒಂದೇ ಅಂಕಿ ಹೇಳು ಎಂದರು. ನಾನು ಅದನ್ನು ನಿಮ್ಮ ಬಲಗಿವಿಗೆ ಕೂಗಿದೆ. ಎಣ್ಣೆ ಸ್ವಚ್ಛವಿದ್ದು ರಸ್ತೆ ಬಯಲಿನದಾದರೆ ಹೊಸದರಿಂದ ಹಿಡಿದು ಒಟ್ಟು ನಲವತ್ತು, ಐವತ್ತು ಸಾವಿರ. ಎಣ್ಣೆ ಹೊಲಸಾಗಿ ದಿನಾ ಘಾಟು ಹತ್ತಿ ಇಳಿದರೆ ಅದರ ಅರ್ಧ ಎಂದಿರಿ. ಕೆಲವು ಇಂಜಿನ್ನುಗಳಲ್ಲಿ ಚೈನಿನ ಬದಲು ಒತ್ತಿದ ನಾರಿನ ಹಲ್ಲುಗಾಲಿ ಇರುತ್ತದೆ, ಅದು ಸದ್ದಿಲ್ಲದೆ ಓಡಿ ಸದ್ದಿಲ್ಲದೆ ಸಾಯುತ್ತದೆ ಎಂದಿರಿ. ಸಾಹೇಬರಿಗೆ ಇದು ಯಾವುದೂ ಬೇಕಿರಲಿಲ್ಲ, ಅಂಕಿ ಬೇಕಿತ್ತು. ‘ಚೈನು ಹಂಗಲ್ರಿ ಸಾಹೇಬ್ರ. ಸಾಯೂ ಮೊದಲ ಮಾತಾಡ್ತದ. ಮುಂಜಾನೆ ಥಂಡೀ ಇಂಜಿನ್ ಚಾಲೂ ಮಾಡಿದಾಗ ಖಟಖಟ ಅಂತು ಅಂದ್ರ ಅವತ್ತ ಗಾಡಿ ನಿಲ್ಲಸ್ರಿ. ಮೈಲು ನಾ ಹೇಳೂದಿಲ್ಲ, ಅದ ಹೇಳ್ತದ.’ ಆಮೇಲೆ ನನ್ನ ಕಡೆ ತಿರುಗಿದಿರಿ: ‘ಹ್ಯಾಂಡಲ್ ಹೊಡದ ಮ್ಯಾಲ ಇಪ್ಪತ್ತು ಎಣಿಸೂತನಕಾ ಬಾಯಿ ಮುಚ್ಚಿ ನಿಂದ್ರು. ನಿನಗ ಅಷ್ಟ ಕಠಿಣ.’

ಚೈನು ಮಾತಾಡಿತು, ಕಾಕಾ. ಜೇಜುರಿಯ ಖಂಡೋಬನ ಸೋಮವತಿ ಅಮಾವಾಸ್ಯೆ ಜಾತ್ರೆಗೆ ಇನ್ನೂ ಹನ್ನೊಂದು ದಿನ ಇದ್ದಾಗಲೇ ಮಾತಾಡಿತು.

ಆ ದಿನಗಳಲ್ಲಿ ಇಲ್ಲಿಯ ಕನ್ನಡ ಮಂದಿ ಸೇರಿ ಒಂದು ನಾಟಕ ಎತ್ತಿದ್ದರು. ಆರು ವರ್ಷಗಳ ಮೇಲೆ ನನಗೊಂದು ಪಾರ್ಟು ಸಿಕ್ಕಿತ್ತು. ಬೇರೆ ಹೊತ್ತಿಲ್ಲದ್ದರಿಂದ ಗಾಡಿಯಲ್ಲೇ ತಾಲೀಮು. ಖಟ-ಖಟ, ಖಟ-ಖಟ: ರಾಕ್ಷಸ ರಂಗಕ್ಕೆ ಬರುವ ಪದದ ಲಯ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ತಬಲಾದವನೊಬ್ಬ ಇಂಜಿನ್ನಿನೊಳಗೆ ಕೂತಂತಿತ್ತು. ನನಗೆ ಕೇಳಲಿಲ್ಲವೆಂದಲ್ಲ. ಕೇಳಿತು. ಅದು ಯಾವ ಸದ್ದೆಂದು ಗುರುತೂ ಹಿಡಿದೆ. ನಿಲ್ಲಿಸಿದರೆ ಲಾರಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕೂಡುತ್ತದೆ, ನನ್ನ ತಬಲಾ ಹೋಗುತ್ತದೆ. ಹಾಡಿನ ಶ್ರುತಿಯನ್ನು ಒಂದು ಪಟ್ಟಿ ಏರಿಸಿದೆ. ನೀವು ಕಡ್ಡಿ ಹಿಡಿದು ಶೆಡ್ಡಿಗೆ ಬರುವ ಮೊದಲೇ ಗಾಡಿ ಹೊರಟಿರುತ್ತಿತ್ತು; ಹನ್ನೊಂದು ದಿನ ಅದರ ಮೇಲೆ ಹಾಡಿದೆ.

ಹನ್ನೊಂದನೆಯ ದಿನ, ಜಾತ್ರೆಯಲ್ಲಿ ದೇವರಿಗೆ ತೂರುವ ಅರಿಶಿನದ ಚೀಲ ಹೇರಿಕೊಂಡು ದಿವೆ ಘಾಟು ಹತ್ತುವಾಗ ಚೈನು ಗಾಲಿಯ ಹಲ್ಲು ತಪ್ಪಿ ಹಾರಿತು. ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ನಾನು ಬ್ರೇಕು ಹಿಡಿಯುವಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರಿ ಕಟ್ಟೆಗೆ ಬಡಿಯಿತು. ಚೀಲಗಳ ಮೇಲೆ ಕೂತಿದ್ದ ಹಮಾಲ ಮಲಕಪ್ಪ ಕೆಳಗೆ ಬಿದ್ದ, ಬಲಗಾಲು ಮುರಿಯಿತು. ಎರಡು ಚೀಲ ಒಡೆದು ಆ ತಿರುವೆಲ್ಲ ಹಳದಿಯಾಯಿತು. ಜೇಜುರಿಗೆ ನಡೆದು ಹೋಗುತ್ತಿದ್ದ ಯಾತ್ರಿಕರು ಖಂಡೋಬ ಇಲ್ಲಿಯೇ ಎದುರುಗೊಂಡ ಎಂದು ಅದನ್ನು ಹಣೆಗೆ ಹಚ್ಚಿಕೊಂಡು ಮುಂದೆ ನಡೆದರು. ಮಲಕಪ್ಪ ನನಗೆ ಬೈದದ್ದನ್ನು ಬರೆಯುವುದಿಲ್ಲ, ಮಾಸ್ತರರು ಓದಬೇಕಲ್ಲ.

ಮೂರನೆಯ ದಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ನೀವು ಇಂಜಿನ್ನಿನ ಮೂತಿ ಬಿಚ್ಚಿ ಚೈನನ್ನು ಗೋಣಿತಟ್ಟಿನ ಮೇಲೆ ಇಟ್ಟಿದ್ದಿರಿ. ಅಪ್ಪಾಸಾಹೇಬರು ನಿಮ್ಮನ್ನು ಬಿಟ್ಟು ನನ್ನನ್ನು ಕೇಳಿದರು. ‘ಕಾಯ ರೇ, ಚೇನ ಬೋಲಲೀ ಹೋತೀ ಕಾ?’ ಮಾತಾಡಿತ್ತೇನೋ ಎಂದು. ನಾನು ಅಂದದ್ದು ಒಂದೇ ಶಬ್ದ.

‘ನಾಹೀ.’

ಬುದ್ಧಿ ಬಂದಾಗಿನಿಂದ ಕಟ್ಟಕಡೆಯ ಚಾಪೆಗೆ ದನಿ ಎಸೆದವನು, ಆ ಒಂದು ಶಬ್ದವನ್ನು ಮಾತ್ರ ಎದುರಿಗೆ ನಿಂತವರಿಗಷ್ಟೇ ಮುಟ್ಟುವಂತೆ ಅಂದೆ. ನಿಮಗೆ ಕೇಳಬಾರದೆಂದು. ಆದರೆ ನೀವು ನನ್ನ ತುಟಿ ನೋಡುತ್ತಿದ್ದಿರಿ. ಹನ್ನೆರಡು ವರ್ಷ ಈ ಪೇಟೆಯಲ್ಲಿ ಮಂದಿಯ ತುಟಿ ನೋಡಿಯೇ ಬದುಕಿದವರು. ‘ನಾಹೀ’ ಎಂಬುದು ನಿಮಗೆ ಎಷ್ಟರ ಶಬ್ದ? ಅಷ್ಟು ಸಡಿಲಾದ ಚೈನು ಸುಮ್ಮನೆ ಓಡಿರಲಾರದು ಎಂಬುದೂ ನಿಮಗೆ ಗೊತ್ತಿತ್ತು. ಆದರೂ ಜಾಲಿ ಕಡ್ಡಿಯನ್ನು ಅರಿವೆಯಿಂದ ಒರೆಸಿ ಚೀಲದಲ್ಲಿ ಇಟ್ಟುಕೊಂಡಿರಿ. ಸಾಹೇಬರು ನಾಳೆಯಿಂದ ಬರಬೇಡ ಎಂದದ್ದನ್ನು ಯಾರೂ ನಿಮಗೆ ಕೂಗಿ ಹೇಳಬೇಕಾಗಲಿಲ್ಲ. ಬಾಗಿಲ ಹತ್ತಿರ ನಿಂತು ನನ್ನನ್ನು ಕೇಳಿದಿರಿ: ‘ನಿನ್ನ ನಾಟಕ ಯಾವತ್ತ ಅದ?’ ನಿಮ್ಮೊಡನೆ ಎಂದೂ ಕೈಸನ್ನೆ ಮಾಡದ ನಾನು, ಇನ್ನು ಎಂಟು ದಿನಕ್ಕೆ ಎಂದು ಎಂಟು ಬೆರಳು ತೋರಿಸಿದೆ.

ನಾಟಕ ಆಯಿತು. ಚಪ್ಪಾಳೆ ಬಿತ್ತು. ಲಯದ ಮೇಲೆ ಎಂಥ ಹಿಡಿತ ಎಂದು ಹಿರಿಯರೊಬ್ಬರು ಹೊಗಳಿದರು. ಶೆಡ್ಡಿನಲ್ಲಿ ಬಾಳು ಎಂಬ ಹೊಸ ಮಿಸ್ತ್ರಿ ಬಂದ. ಈಗ ಅಲ್ಲಿ ಯಾರು ಬುರುಡೆ ಬಿಟ್ಟರೂ ‘ತನಿಯಪ್ಪನ ಕಡ್ಡಿ ಕಚ್ಚಿದ’ ಎನ್ನುತ್ತಾರೆ. ಎರಡು ವರ್ಷಗಳಿಂದ ಈ ಗಾದೆ ನಡೆದಿದೆ. ನಾನೂ ನಕ್ಕಿದ್ದೇನೆ.

ಶುಕ್ರವಾರ ಅಪ್ಪಾಸಾಹೇಬರು ಹೇಳಿ ಬರೆಸಿದ ಉತ್ತರ ಹೀಗಿದೆ: ಮನುಷ್ಯ ಪ್ರಾಮಾಣಿಕ, ಆದರೆ ಕಿವುಡ, ಚೈನು ಮಾತಾಡುತ್ತದೆ ಎಂದಿದ್ದ, ಮಾತಾಡಲಿಲ್ಲ, ಇವನ ಮಾತಿನ ಮೇಲೆ ಮಂದಿ ತುಂಬಿದ ಬಸ್ಸು ಬಿಡಬೇಡಿರಿ. ಕೆಟ್ಟವರಲ್ಲ ಅವರು. ನನ್ನ ಒಂದು ಶಬ್ದವನ್ನು ನಂಬಿದ್ದಾರೆ, ಅಷ್ಟೇ. ಶುದ್ಧಪ್ರತಿ ಮಾಡಿ ತರುತ್ತೇನೆಂದು ಹಾಳೆಯನ್ನು ಮನೆಗೆ ತಂದೆ. ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಅವರಿಗೆ ಕನ್ನಡ ಅಕ್ಷರ ಬಾರದು. ‘ಇವರಂಥ ಮಿಸ್ತ್ರಿ ಇಲ್ಲ, ಕಣ್ಣು ಮುಚ್ಚಿ ನಂಬಿರಿ’ ಎಂದು ನಾನು ಬರೆದರೂ ಕೆಳಗೆ ಮರಾಠಿಯ ಮೋಡಿ ಲಿಪಿಯಲ್ಲಿ ಸಹಿ ಹಾಕಿಯೇ ಹಾಕುತ್ತಾರೆ. ನಿಮಗೆ ಕೆಲಸ, ನನಗೆ ನನ್ನ ಸ್ಟಿಯರಿಂಗು. ಹಾಗೆ ಬರೆದೂ ನೋಡಿದೆ. ಅಕ್ಷರ ಚೆನ್ನಾಗಿ ಬಂದಿದ್ದವು. ಆದರೆ ಅದು ಎರಡನೆಯ ಸುಳ್ಳು, ಅದನ್ನೂ ಮೆಲ್ಲಗೇ ಹೇಳಿದಂತಾಯಿತು. ಶೆಡ್ಡಿನ ಗಾದೆ ಅಲ್ಲಿಯೇ ಉಳಿಯುತ್ತದೆ. ಹರಿದು ಹಾಕಿದೆ.

ಆ ಹಳೆಯ ಚೈನು ನನ್ನ ಖೋಲಿಯ ಮೊಳೆಗೆ ತೂಗುತ್ತಿದೆ. ಯಾಕೆ ತಂದಿಟ್ಟುಕೊಂಡೆನೋ ಆಗ ಗೊತ್ತಿರಲಿಲ್ಲ. ನೀವು ಕಲಿಸಿದ ಹಾಗೆ ಅಡ್ಡಲಾಗಿ ಮುಂಚಾಚಿ ಹಿಡಿದು ಈಗಷ್ಟೇ ನೋಡಿದೆ. ಹೊಸದಾದರೆ ಕೋಲಿನಂತೆ ನಿಲ್ಲಬೇಕು. ಇದು ಒಣಗಿದ ಪಡವಲಕಾಯಿಯಂತೆ ಜೋಲುತ್ತದೆ. ಇದನ್ನು ನೋಡಿದ ಯಾವ ಮಿಸ್ತ್ರಿಯೂ ಇದು ಸದ್ದು ಮಾಡಿರಲಿಲ್ಲ ಎನ್ನಲಾರ. ಸಾಹೇಬರಿಗೆ ಬೇಕಾಗಿದ್ದ ಅಂಕಿಯನ್ನು ಈಗ ನಾನೇ ಕೊಡಬಲ್ಲೆ: ನಲವತ್ತೊಂದು ಸಾವಿರ ಮೈಲು, ಮೇಲೆ ಹನ್ನೊಂದು ದಿನ. ಮೈಲುಗಳು ಚೈನಿನವು. ದಿನಗಳು ನನ್ನವು.

ರುದ್ರವ್ವ ಕಾಕು ಕಾಗದ ಮುಗಿಯುವ ಮೊದಲೇ ಬೈಯಲು ಸುರು ಮಾಡಿರುತ್ತಾರೆ. ಬೈಯಲಿ, ಅದು ನನಗೆ ಸಲ್ಲಬೇಕಾದದ್ದು. ಜೇಜುರಿಯ ದೇವರು ನಿಮ್ಮ ಮುಂಬಲ್ಲುಗಳನ್ನು ನೂರು ವರ್ಷ ಗಟ್ಟಿಯಾಗಿ ಇಡಲಿ.

ನಾಳೆ ಬೆಳಿಗ್ಗೆ ಮೊದಲು ಈ ಕಾಗದವನ್ನು ಮಂಡಯಿ ಕಾಯಿಪಲ್ಲೆ ಪೇಟೆಯ ಮೂಲೆಯ ಅಂಚೆ ಡಬ್ಬಿಯಲ್ಲಿ ಹಾಕುತ್ತೇನೆ. ಬಿದ್ದ ಮೇಲೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಅದಕ್ಕೇ ಮೊದಲು ಇದು. ಆಮೇಲೆ ಚೈನು ಹಿಡಿದು ಶೆಡ್ಡಿಗೆ ಹೋಗುತ್ತೇನೆ. ಅಪ್ಪಾಸಾಹೇಬರು, ಬಾಳು, ಕುಂಟುತ್ತ ಬರುವ ಮಲಕಪ್ಪ, ಎಲ್ಲರೂ ಸೇರುವವರೆಗೆ ಕಾದು ಅದನ್ನು ಅಡ್ಡಲಾಗಿ ಎತ್ತಿ ಹಿಡಿದು, ‘ಬೋಲಲೀ ಹೋತೀ’ ಎನ್ನುತ್ತೇನೆ, ಕಟ್ಟಕಡೆಯ ಚಾಪೆಯವನಿಗೂ ಕೇಳುವ ಹಾಗೆ. ಬೆಳಗಾವಿಯ ಉತ್ತರವನ್ನು ಅಲ್ಲಿಯೇ, ಅವರ ಎದುರಿಗೇ ಬರೆಯುತ್ತೇನೆ. ಅದಾದ ಮೇಲೂ ಗಾಡಿ ನನ್ನ ಕೈಯಲ್ಲಿ ಉಳಿದಿದ್ದರೆ, ಹ್ಯಾಂಡಲ್ ಹೊಡೆದು, ಬಾಯಿ ಮುಚ್ಚಿ ನಿಂತು, ಇಪ್ಪತ್ತರವರೆಗೆ ಎಣಿಸುತ್ತೇನೆ.

ನಿಮ್ಮ ನಾಟಕದಪ್ಪ,
ಪ್ರಲ್ಹಾದ