ಗಂಧ ಹಚ್ಚಿದ ಗರಗಸ

ಚೆಟ್ಟಳ್ಳಿ, ಕೊಡಗು ರಾಜ್ಯ
೮-೯-೧೯೫೪, ಬುಧವಾರ

ಮಗಳೇ ಯಮುನಾ, ಕಾವೇರಮ್ಮ ನಿನ್ನನ್ನೂ ನಿನ್ನ ಮಡಿಲನ್ನೂ ತಣ್ಣಗಿಟ್ಟಿರಲಿ.

ಇವತ್ತು ಏಕಾದಶಿ. ನನಗೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಮುಗಿಯಿತು. ಗಂಡಸರಿಗೆ ರೊಟ್ಟಿ ತಟ್ಟಿಟ್ಟು, ಕೊಟ್ಟಿಗೆ ಬಾಚಿ, ಮುದ್ದಿಯ ಹಾಲು ಕರೆದು, ದೀಪ ಹಚ್ಚಿ ಈಗ ಜಗುಲಿಯಲ್ಲಿ ಕೂತಿದ್ದೇನೆ. ಮಳೆ ಸ್ವಲ್ಪ ಹೊಳವಾಗಿದೆ. ಮುದ್ದಿ ಈಗಲೂ ಹಾಲು ಇಳಿಸುವ ಮುಂಚೆ ಒಂದು ಸಲ ಬೇಲಿಯ ತಡಮೆಯ ಕಡೆ ಕತ್ತು ತಿರುಗಿಸುತ್ತದೆ. ನೀನು ಬಂದು ಅದರ ಕೊರಳ ಕೆಳಗಿನ ಗಂಗೆದೊಗಲು ತುರಿಸಬೇಕು ಅಂತ ಅದರ ಲೆಕ್ಕ. ನಾನು ತುರಿಸಿದರೆ ಅದಕ್ಕೆ ಹಿಡಿಸುವುದಿಲ್ಲ. ನಿನ್ನ ಮೈ ಹೇಗಿದೆ? ಸೊಂಟದ ನೋವು ನಿಂತಿತೇ? ಹಾಲು ಸಾಕಾಗುತ್ತದೆಯೇ? ಬಾಣಂತಿಗೆ ತಂಗಾಳಿ ಶತ್ರು, ತಲೆಗೆ ಬಟ್ಟೆ ಕಟ್ಟದೆ ಹಿತ್ತಿಲಿಗೆ ಹೋಗಬೇಡ. ಮಗು ಬಲಗಡೆ ತಿರುಗಿ ಮಲಗುತ್ತದೋ ಎಡಗಡೆಯೋ? ಇಂಥದ್ದನ್ನೆಲ್ಲ ನೀನು ಬರೆಯುವುದಿಲ್ಲ, ಬರೀ ‘ಕ್ಷೇಮ’ ಅಂತ ಬರೆಯುತ್ತೀಯ. ನಾಮಕರಣದ ದಿನ ನಾವು ಮೂರೂ ಜನ ತೊಟ್ಟಿಲಿಗೆ ಕಟ್ಟುವ ಬಟ್ಟೆ, ಬೆಲ್ಲ, ತೆಂಗಿನಕಾಯಿ ಹೊತ್ತುಕೊಂಡು ನಿನ್ನ ತವರಿಗೆ ಹೊರಟು ಭಾಗಮಂಡಲದವರೆಗೆ ಬಂದೆವು. ಸಂಗಮದಲ್ಲಿ ಹೊಳೆ ಉಕ್ಕಿ ರಸ್ತೆಯೇ ಇರಲಿಲ್ಲ. ಮಗಳನ್ನು ನೋಡುವ ಆತುರಕ್ಕೆ ಮಾಯಿಲ ಮೊಣಕಾಲಿನ ತನಕ ನೀರಿಗಿಳಿದ. ನಿನ್ನ ಮಾವ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಆಚೆ ದಡದಲ್ಲಿ ಮೊಮ್ಮಗಳ ಹೆಸರು ಕಿವಿಯಲ್ಲಿ ಹೇಳುವ ಹೊತ್ತಿಗೆ ನಾವು ಈಚೆ ದಡದಲ್ಲಿ ಭಗಂಡೇಶ್ವರನಿಗೆ ಕಾಯಿ ಒಡೆದು ವಾಪಸು ಬಂದೆವು. ಆಮೇಲೆ ಹೊಳೆ ಇಳಿಯಿತು, ಆದರೆ ಅಷ್ಟರಲ್ಲಿ ನಿನ್ನ ಕಾಗದ ಬಂತು.

ಆ ಕಾಗದದ ಮೇಲೆ ನನಗೆ ಕೋಪವಿಲ್ಲ. ‘ಅವರು ಆ ಮಿಷನ್ನು ಬಿಟ್ಟರೆ ಬರುತ್ತೇನೆ, ಬಿಡದಿದ್ದರೆ ನಾನೂ ಮಗುವೂ ಇಲ್ಲೇ. ಅವರ ಹತ್ತು ಬೆರಳೂ ಹತ್ತಾಗಿಯೇ ಇರಬೇಕು ನನಗೆ’ ಅಂತ ಬರೆದಿದ್ದೀಯ. ಮರದ ಕೆಲಸಕ್ಕೆ ಹೋದ ಅಪ್ಪನನ್ನು ಕಂಬಳಿಯಲ್ಲಿ ಸುತ್ತಿ ತಂದದ್ದನ್ನು ಕಂಡ ಹುಡುಗಿ ಮತ್ತೇನು ಬರೆದಾಳು? ನಿನ್ನ ಅಪ್ಪ ಕೈಗರಗಸದವರು, ಮೇಲೆ ಸಿಕ್ಕಿಕೊಂಡಿದ್ದ ಒಂದು ಒಣಕೊಂಬೆ ಅವರನ್ನು ತೆಗೆದುಕೊಂಡು ಹೋಯಿತು. ಕೈಗರಗಸವೇ ಹಾಗಾದರೆ ಕಿರುಚುವ ಈ ಮೋಟಾರು ಗರಗಸ ಇನ್ನು ಹೇಗೋ ಅಂತ ನಿನ್ನ ಹೆದರಿಕೆ. ಎಸ್ಟೇಟಿನವರು ಅದನ್ನು ಹಡಗಿನಲ್ಲಿ ತರಿಸಿ, ಮಾಯಿಲನ ಕೈಗೆ ಕೊಟ್ಟ ದಿನ ನೀನು ತುಂಬಿದ ಬಸುರಿ, ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋಗಿಬಿಟ್ಟೆ. ಹಾಗಾಗಿ ಅದರ ಹಲ್ಲು ಮಾತ್ರ ನಿನಗೆ ಕಂಡಿದೆ. ಅದನ್ನು ಸಾಕುವುದು ಹೇಗೆ ಅಂತ ನೀನು ನೋಡಿಲ್ಲ.

ನಾನು ದಿನಾ ನೋಡುತ್ತೇನೆ. ಉಂಡ ಎಲೆ ಎತ್ತದೆ ಏಳುತ್ತಿದ್ದ ನನ್ನ ಮಗ ಈಗ ಕೆಲಸದಿಂದ ಬಂದವನೇ ಕೈಕಾಲು ತೊಳೆಯುವ ಮುಂಚೆ ಅದನ್ನು ಗೋಣಿಯ ಮೇಲೆ ಮಲಗಿಸಿ, ಸರಪಳಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಕುಂಚದಿಂದ ಒಂದೊಂದೇ ಹಲ್ಲು ಉಜ್ಜುತ್ತಾನೆ. ಸರಪಳಿ ಓಡುವ ಉದ್ದ ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಕಾಲುವೆಯಿದೆ. ಅದರೊಳಗಿನ ಹೊಟ್ಟನ್ನು ಕಡ್ಡಿಯಿಂದ ಕೆರೆದು ತೆಗೆಯುತ್ತಾನೆ. ಆಮೇಲೆ ಹಲ್ಲು ಮಸೆಯುವ ಅರ ಹಿಡಿದು ಕೂರುತ್ತಾನೆ. ಒಂದು ಹಲ್ಲಿಗೆ ಎಷ್ಟು ಸಲ ಆಡಿಸಿದನೋ ಪಕ್ಕದ್ದಕ್ಕೂ ಅಷ್ಟೇ ಸಲ, ಅದೇ ಓರೆಯಲ್ಲಿ. ಹೆಚ್ಚುಕಡಿಮೆಯಾದರೆ ಗರಗಸ ಒಂದೇ ಕಡೆಗೆ ಎಳೆಯುತ್ತದಂತೆ. ಹರಿತ ಮಾಡಿದಷ್ಟೂ ಅಪಾಯ ಅಲ್ಲವೇನೋ ಅಂತ ನಾನೇ ಕೇಳಿದೆ. ‘ಅವ್ವಾ, ಈಳಿಗೆಮಣೆ ಮೊಂಡಾದಾಗಲೇ ಅಲ್ಲವೇ ನೀನು ಕೈ ಕುಯ್ದುಕೊಳ್ಳುವುದು? ಮೊಂಡಾದರೆ ಒತ್ತಬೇಕು, ಒತ್ತಿದರೆ ಜಾರುತ್ತದೆ’ ಅಂದ. ಅದೂ ನಿಜವೇ. ನಿನ್ನ ಮಾವನಿಗೆ ಇದೆಲ್ಲ ತಮಾಷೆ. ‘ಹೊನ್ನಮ್ಮಾ, ನಿನ್ನ ಮಗ ಎರಡನೇ ಸಂಸಾರ ಮಾಡಿಯಾಯಿತು. ದಿನಾ ಎಣ್ಣೆಸ್ನಾನ, ಹಲ್ಲುಜ್ಜಿಸುವುದು ಬೇರೆ. ನೀನು ನನಗೆ ಎಂದಾದರೂ ಬೆನ್ನು ಉಜ್ಜಿದ್ದುಂಟೋ?’ ಅಂತಾರೆ. ಈ ವಯಸ್ಸಿನಲ್ಲಿ! ಬೆನ್ನು ಬೇಕಾದರೆ ಕಾಫಿ ಗಿಡಕ್ಕೆ ತಿಕ್ಕಿಕೊಳ್ಳಿ ಅಂದೆ.

ಅವನ ಬಟ್ಟೆಯೂ ಬದಲಾಗಿದೆ. ಹೆಗಲ ಮೇಲಿನ ಟವಲು ಹೋಯಿತು, ಮುಂಡು ಹೋಯಿತು. ಜೋತಾಡುವ ಬಟ್ಟೆಯನ್ನು ಸರಪಳಿ ಎಳೆದುಕೊಂಡರೆ ಹಿಂದೆಯೇ ಮನುಷ್ಯನನ್ನೂ ಎಳೆಯುತ್ತದೆ ಅಂತ ಎಸ್ಟೇಟಿನ ಮೆಕ್ಯಾನಿಕ್ಕು ಹೇಳಿದನಂತೆ. ನಾನೇ ಅವನ ಷರಾಯಿಯ ಕಾಲುಗಳನ್ನು ಕಿರಿದು ಮಾಡಿ ಹೊಲಿದಿದ್ದೇನೆ. ಅಂಗಿಯ ತೋಳಿಗೆ ಗುಂಡಿ ಹಾಕಿದ್ದೇನೆ. ನೀನಿದ್ದಿದ್ದರೆ ಹೊಲಿಗೆ ನೆಟ್ಟಗಿರುತ್ತಿತ್ತು. ನನ್ನ ಕಣ್ಣು ಈಗ ಸೂಜಿಗೆ ದಾರ ಪೋಣಿಸಲು ಜಗಳವಾಡುತ್ತದೆ. ಸೂಜಿ ಎತ್ತಿಕೊಂಡು ‘ಯಮುನಾ, ಇದೊಂದು ಪೋಣಿಸಿಕೊಡು’ ಅಂತ ಕೂಗಿಯೂ ಬಿಟ್ಟೆ ಒಂದು ದಿನ. ಮನೆಯಲ್ಲಿ ಯಾರೂ ಇರಲಿಲ್ಲ, ಒಳ್ಳೆಯದಾಯಿತು.

ಈಗ ಕೈಲ್ ಮುಹೂರ್ತದ ಆಯುಧಪೂಜೆಯ ವಿಷಯ ಬರೆಯಬೇಕು. ನೀನು ಹೆರಿಗೆಗೆ ಹೊರಡುವ ದಿನ ತಡಮೆ ದಾಟುವಾಗ ತಿರುಗಿ ಮಾಯಿಲನಿಗೆ ಒಂದು ಮಾತು ಹೇಳಿದೆ, ನೆನಪಿದೆಯೇ? ‘ಹಬ್ಬಕ್ಕೆ ಅದಕ್ಕೆ ಗಂಧ ಚೆನ್ನಾಗಿ ಹಚ್ಚಿ, ಹಲ್ಲು ಹಲ್ಲಿಗೂ ಹಚ್ಚಿ. ನನ್ನ ಅಪ್ಪ ಹಾಗೇ ಮಾಡುತ್ತಿದ್ದರು. ಆಯುಧ ತಂಪಾಗಿದ್ದರೆ ಹಿಡಿದವನೂ ತಂಪು’ ಅಂದೆ. ಹಬ್ಬದ ದಿನ ಕೋವಿ, ಕತ್ತಿ, ಗುದ್ದಲಿ, ನೇಗಿಲು ಎಲ್ಲವನ್ನೂ ದೀಪದ ಮುಂದೆ ಇಟ್ಟೆವು. ಅವುಗಳಿಗೆ ಒಂದೊಂದು ಬೊಟ್ಟು ಇಟ್ಟು ಮುಗಿಸಿದ. ಗರಗಸಕ್ಕೆ ಮಾತ್ರ ಬೆಳಿಗ್ಗೆಯೆಲ್ಲ ತಾನೇ ಕೊರಡು ತೇಯ್ದು, ಬಟ್ಟಲು ತುಂಬಾ ಗಂಧ ಮಾಡಿ, ಸರಪಳಿಯ ಹಲ್ಲು ಹಲ್ಲಿಗೂ, ಪಟ್ಟಿಯ ಅಂಚಿಗೂ ಬೆರಳಿನಿಂದ ಮೆತ್ತಿದ. ಕೋವಿಗೆ ಮುಡಿಸುವ ಕೆಂಪು ಹಳದಿ ಹೂವನ್ನು ಅದಕ್ಕೂ ಮುಡಿಸಿದ. ‘ಇದೆಂತ, ಮದುಮಗಳೋ?’ ಅಂತ ನಿನ್ನ ಮಾವ ನಕ್ಕರು. ಅವನು ನಗಲಿಲ್ಲ. ಅವನು ಹಚ್ಚುತ್ತಿದ್ದದ್ದು ಗಂಧವಲ್ಲ ಮಗಳೇ, ನಿನ್ನ ಮಾತನ್ನು. ನನಗೆ ಅದು ಗೊತ್ತಾಯಿತು.

ಹಬ್ಬ ಕಳೆದು ಕೆಲಸಕ್ಕೆ ಹೋದರು. ಗಾಳಿಗೆ ಬಿದ್ದ ಒಂದು ನಂದಿ ಮರ ಕಾಫಿ ಗಿಡಗಳ ಮೇಲೆ ಅಡ್ಡ ಮಲಗಿತ್ತು, ಅದನ್ನು ತುಂಡು ಮಾಡಬೇಕಿತ್ತು. ಗರಗಸದ ಎಂಜಿನ್ನಿನ ಕಡೆ ಮಾಯಿಲ, ತುದಿಯ ಹಿಡಿಕೆಗೆ ಅವನ ಜೊತೆಯಾಳು ನಮ್ಮ ಕರಿಯ. ಅದನ್ನು ಇಬ್ಬರು ಹಿಡಿಯಲೇಬೇಕು. ಹಬ್ಬದ ಗಂಧ ಒರೆಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ದೇವರಿಗೆ ಹಚ್ಚಿದ್ದು, ತಾನಾಗಿ ಉದುರಲಿ ಅಂದುಕೊಂಡರು. ಮರಕ್ಕೆ ಅರ್ಧ ಇಳಿದಿರಬೇಕು, ಕಾಡೆಲ್ಲ ಘಮ್ಮೆಂದು ಗಂಧದ ಪರಿಮಳ ಎದ್ದಿತು. ಅಗರಬತ್ತಿ ಹಚ್ಚಿದ ಹಾಗೆ. ಕರಿಯ ಹಿಡಿಕೆಯ ಮೇಲಿನ ಒಂದು ಕೈ ಬಿಟ್ಟು ಎದೆಗೆ ಇಟ್ಟುಕೊಂಡು, ‘ಅಣ್ಣಾ, ದೇವ್ರು ಬಂತು!’ ಅಂತ ಕೂಗಿದನಂತೆ. ಮಾಯಿಲನಿಗೂ ಒಂದು ಗಳಿಗೆ ಮೈ ಜುಮ್ಮೆಂದಿತು. ಆಮೇಲೆ ಕೆಳಗೆ ನೋಡಿದ. ಎಣ್ಣೆ ಚಿಮ್ಮಿ ಕಪ್ಪಾಗಬೇಕಾದ ಹೊಟ್ಟು ಒಣಗಿ ಬಿಳುಪಾಗಿತ್ತು. ಸಂದಿನಿಂದ ಹೊಗೆ. ಹೆಬ್ಬೆರಳಿನಲ್ಲಿ ಎಣ್ಣೆಯ ಗುಂಡಿ ಒತ್ತಿದರೆ ಕಲ್ಲಿನ ಹಾಗೆ ಕೂತಿದೆ. ತಕ್ಷಣ ಎಂಜಿನ್ನು ನಿಲ್ಲಿಸಿದ. ಆರಿದ ಮೇಲೆ ಬಿಚ್ಚಿ ನೋಡಿದರೆ ಎಣ್ಣೆ ಬರುವ ತೂತಿನ ತುಂಬಾ ಗಂಧ ಒಣಗಿ ಬಿರಡೆಯಾಗಿತ್ತು. ಸರಪಳಿ ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು. ಇನ್ನು ಸ್ವಲ್ಪ ಹೊತ್ತು ಓಡಿಸಿದ್ದರೆ ತುಂಡಾಗಿ ಚಾಟಿಯ ಹಾಗೆ ಬೀಸುತ್ತಿತ್ತು, ಅದು ಯಾರ ಕೈ ಅಂತ ಕೇಳುವುದಿಲ್ಲ ಅಂದನಂತೆ ಮೆಕ್ಯಾನಿಕ್ಕು. ಆ ಸರಪಳಿ ಇನ್ನು ಉಪಯೋಗಕ್ಕಿಲ್ಲ. ಹೊಸದು ಹಾಕಿದ್ದಾರೆ.

ಇದನ್ನು ಮುಚ್ಚಿಡೋಣ ಅಂತ ನಿನ್ನ ಮಾವ ಹೇಳಿದರು. ‘ಬಾಣಂತಿ ಗೂಡೆ, ಎಳೆಯ ಹುಡುಗಿ, ಹೆದರಿ ಹಾಲು ಬತ್ತೀತು’ ಅಂದರು. ಆದರೆ ನಾಳೆ ಸಂತೆಯಲ್ಲಿ ಯಾರೋ ಒಂದಕ್ಕೆ ಎರಡು ಸೇರಿಸಿ ಹೇಳುವುದಕ್ಕಿಂತ ನಾನೇ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಒಳ್ಳೆಯದು. ಯಾರಿಗೂ ಒಂದು ಗೀರೂ ಆಗಿಲ್ಲ. ನಿನ್ನ ಮಾತಿನಿಂದ ಆಯಿತು ಅಂತ ಕೊರಗಬೇಡ. ನಿನ್ನ ಅಪ್ಪನ ಗರಗಸಕ್ಕೆ ಎಣ್ಣೆಯ ಬಾಯಿ ಇರಲಿಲ್ಲ, ಎಷ್ಟು ಗಂಧ ಹಚ್ಚಿದರೂ ನಡೆಯುತ್ತಿತ್ತು. ಇದಕ್ಕೆ ಬಾಯಿ ಇದೆ, ಅಷ್ಟೇ ವ್ಯತ್ಯಾಸ. ಇನ್ನು ಮುಂದೆ ಕುಂಕುಮ ಹಿಡಿಕೆಗೆ ಮಾತ್ರ, ಒಂದೇ ಬೊಟ್ಟು. ಸಂಜೆ ಅವನು ಇದನ್ನೆಲ್ಲ ನಗುನಗುತ್ತಲೇ ಹೇಳಿದ. ನಾನು ಅವನ ಕೈ ಹಿಡಿದುಕೊಂಡು ಕೂತೆ.

ಮಾರನೆಯ ದಿನ ನಾನೇ ಹೊರಟೆ. ನೋಡದೆ ನಿನಗೆ ಬರೆಯುವುದು ಸರಿಯಲ್ಲ ಅನ್ನಿಸಿತು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಯಾರ್ಡಿನ ಪಕ್ಕ ಒಣಗಿ ನಿಂತ ಒಂದು ಬಳಂಜಿ ಮರ ಕಡಿಯಬೇಕಿತ್ತು. ನಾನು ಸೀದಾ ಹತ್ತಿರ ಹೋದರೆ ಮಾಯಿಲ ಗದರಿಸಿಬಿಟ್ಟ. ‘ಅಲ್ಲೇ ನಿಲ್ಲ್ ಅವ್ವ! ಮರದ ಎತ್ತರದಷ್ಟು ಎರಡು ಪಾಲು ದೂರ, ಅದಕ್ಕಿಂತ ಒಂದು ಹೆಜ್ಜೆ ಒಳಗೆ ಬೊಡ, ಬರಲೇಬೇಡ’ ಅಂದ. ಹೆತ್ತವಳಿಗೇ! ಆದರೆ ನನಗೆ ಖುಷಿಯಾಯಿತು. ನಾನು ಬೇಲಿಯ ಹತ್ತಿರ ಒಂದು ಕಲ್ಲಿನ ಮೇಲೆ ಕೂತೆ. ಹಿಂದಿನ ಸಂಜೆಯೇ ಅವನು ಬುಡದಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು, ಇದರಲ್ಲಿ ಇರುವವರೆಲ್ಲ ಬೇರೆ ಕಡೆ ಹೋಗಿ ಅಂತ ಕೇಳಿಕೊಂಡು ಬಂದಿದ್ದ. ಈಗ ಕೈಮುಗಿದು ಮರದ ಸುತ್ತ ಪ್ರದಕ್ಷಿಣೆ ಬಂದ. ಕಣ್ಣು ಮುಚ್ಚಿಕೊಂಡಲ್ಲ, ತಲೆಯೆತ್ತಿಕೊಂಡು. ಒಂದು ಕಡೆ ನಿಂತ. ಕರಿಯನಿಗೆ ಬೆರಳು ತೋರಿಸಿದ. ಮೇಲೆ ಕವಲಿನಲ್ಲಿ ಒಂದು ಒಣಕೊಂಬೆ ಸಿಕ್ಕಿಕೊಂಡಿತ್ತು. ಹಗ್ಗ ಎಸೆದು, ದೂರ ನಿಂತು ಎಳೆದು, ಅದನ್ನು ಬೀಳಿಸಿದ ಮೇಲೆಯೇ ಗರಗಸ ಮುಟ್ಟಿದ್ದು. ಆ ಕೊಂಬೆ ನೆಲಕ್ಕೆ ಬಡಿದ ಸದ್ದಿಗೆ ನನಗೆ ನಿನ್ನ ಅಪ್ಪನ ಮುಖ ನೆನಪಾಯಿತು. ಅವನಿಗೂ ಆಗಿರಬೇಕು, ಒಂದು ಗಳಿಗೆ ಅದನ್ನೇ ನೋಡುತ್ತ ನಿಂತ.

ಆಮೇಲೆ ಇಬ್ಬರೂ ಹಿಂದಕ್ಕೆ ಓಡಿಹೋಗಲು ದಾರಿ ಸವರಿದರು. ಮರ ಬೀಳುವ ದಿಕ್ಕಿಗೆ ಬೆನ್ನು ಹಾಕಿ, ಸ್ವಲ್ಪ ಓರೆಯಾಗಿ, ಕಾಲಿಗೆ ಬಳ್ಳಿ ತೊಡರದ ಹಾಗೆ. ಪೆಟ್ರೋಲು ತುಂಬಿದ ಜಾಗ ಬಿಟ್ಟು ದೂರ ಬಂದು ಹಗ್ಗ ಎಳೆದು ಎಂಜಿನ್ನು ಹೊರಡಿಸಿದರು. ಕರಿಯನ ಬೀಡಿ ಅಷ್ಟು ಹೊತ್ತೂ ನನ್ನ ಮಡಿಲಿನಲ್ಲಿತ್ತು, ಮಾಯಿಲ ಕಿತ್ತುಕೊಂಡು ಕೊಟ್ಟಿದ್ದ! ಏಕಾದಶಿ ಮಾಡುವ ಹೆಂಗಸಿನ ಮಡಿಲಲ್ಲಿ ಬೀಡಿ. ಎಣ್ಣೆಯ ಗುಂಡಿ ಒತ್ತಿ, ಗರಗಸದ ಮೂತಿಯನ್ನು ಒಂದು ಬಿಳಿ ಚಕ್ಕೆಯ ಎದುರು ಹಿಡಿದು ಓಡಿಸಿದ. ಚಕ್ಕೆಯ ಮೇಲೆ ಎಣ್ಣೆಯ ಗೆರೆ ಬಿತ್ತು. ಅದನ್ನು ಎತ್ತಿ ನನ್ನ ಕಡೆ ತೋರಿಸಿದ, ಶಾಲೆಯಲ್ಲಿ ಸ್ಲೇಟು ತೋರಿಸುತ್ತಿದ್ದನಲ್ಲ, ಹಾಗೆ. ಬೀಳುವ ಕಡೆಗೆ ಮೊದಲು ಬಾಯಿ ತೆಗೆದು, ಆಮೇಲೆ ಹಿಂದಿನಿಂದ ಕೊಯ್ದು, ನಡುವೆ ಬಾಗಿಲಿನ ಕೀಲಿನ ಹಾಗೆ ಸ್ವಲ್ಪ ಮರ ಉಳಿಸಿದರು. ಮರ ಆ ಕೀಲಿನ ಮೇಲೆ ಮೆಲ್ಲಗೆ ತಿರುಗಿ, ತೋರಿಸಿದ ಜಾಗದಲ್ಲೇ ಮಲಗಿತು. ಅಷ್ಟರಲ್ಲಿ ಇಬ್ಬರೂ ಆ ಸವರಿದ ದಾರಿಯಲ್ಲಿ ದೂರ ನಿಂತಿದ್ದರು. ಒಂದು ಕಾಫಿ ಗಿಡವೂ ಮುರಿಯಲಿಲ್ಲ. ನಾನು ಬಳಂಜಿಗೂ ಮಗನಿಗೂ ಒಟ್ಟಿಗೆ ಕೈಮುಗಿದೆ.

ಇದನ್ನೆಲ್ಲ ಬರೆದದ್ದು ನಿನ್ನನ್ನು ಒಪ್ಪಿಸಲು ಅಲ್ಲ. ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊಳೆಗೂ ಅಪಾಯ ಉಂಟು, ಒಲೆಗೂ ಉಂಟು. ನೀನು ಅಲ್ಲಿ ಎಷ್ಟು ದಿನ ಬೇಕೋ ಅಷ್ಟು ದಿನ ಇದ್ದು ಮೈ ಗಟ್ಟಿ ಮಾಡಿಕೋ. ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು. ಮಗುವಿನ ನೆತ್ತಿಗೆ ಎಣ್ಣೆ ಒತ್ತುವಾಗ ಈ ಅಜ್ಜಿಯ ಹೆಸರಿನಲ್ಲಿ ಒಂದು ಬೆರಳು ಹೆಚ್ಚು ಒತ್ತು. ನಿನ್ನ ಮಾವ ಆಶೀರ್ವಾದ ಹೇಳಿದ್ದಾರೆ. ಮುದ್ದಿಯೂ ಏನೋ ಹೇಳಿತು, ನನಗೆ ತಿಳಿಯಲಿಲ್ಲ. ಇಗ್ಗುತಪ್ಪ ನಿಮ್ಮಿಬ್ಬರನ್ನೂ ಕಾಯಲಿ.

ಇಂತಿ ನಿನ್ನ ಅತ್ತೆ,
ಹೊನ್ನಮ್ಮ

ಮತ್ತೆ ಬರೆದದ್ದು: ಟಪಾಲಿನ ಹೊತ್ತಾಯಿತು, ಆದರೆ ಹೇಳಬೇಕಾದದ್ದು ಇನ್ನೂ ಕೈಯಲ್ಲೇ ಉಳಿದಿದೆ. ಎಷ್ಟು ದಿನ ಬೇಕೋ ಅಷ್ಟು ದಿನ ಇರು ಅಂತ ಮೇಲೆ ಬರೆದೆನಲ್ಲ, ಅದು ಬಾಯಿಮಾತು. ಈ ಮನೆಯಲ್ಲಿ ನೀನಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲ. ಬೆಳಿಗ್ಗೆ ದೀಪದ ಮುಂದೆ ನಿಂತು ಮಾಯಿಲ ಒಂದು ಮಾತು ಕೊಟ್ಟ. ಯಮುನಾ ಒಂದು ಸಲ ಬಂದು, ಅವ್ವ ಕೂತ ಕಲ್ಲಿನ ಮೇಲೆ ಕೂತು ನೋಡಲಿ. ನೋಡಿಯೂ ಬೊಡ ಅಂದರೆ ಅವತ್ತೇ ಗರಗಸವನ್ನು ಎಸ್ಟೇಟಿಗೆ ಒಪ್ಪಿಸಿ ಕೈಗರಗಸಕ್ಕೆ ಹೋಗುತ್ತೇನೆ ಅಂದ. ನೋಡದೆ ಬೊಡ ಅನ್ನಬೇಡ, ನನ್ನ ಕೋರಿಕೆ ಇಷ್ಟೇ. ಬರುತ್ತೀಯೋ ಇಲ್ಲವೋ, ಒಂದೇ ಗೆರೆ ಬರೆದರೂ ಸಾಕು. ಟಪಾಲಿಗೆ ಹಾಕಬೇಡ, ಬರುವ ಭಾನುವಾರ ಉತ್ತರ ತರಲು ಅವನನ್ನೇ ಕಳಿಸುತ್ತಿದ್ದೇನೆ. ಮೊದಲು ಅವನ ಬೆರಳು ಎಣಿಸಿಕೋ. ಆಮೇಲೆ, ನೀನು ಉತ್ತರ ಬರೆಯುವಷ್ಟು ಹೊತ್ತು, ಮಗುವನ್ನು ಆ ಕೈಗೆ ಕೊಟ್ಟಿರು.